ಅತ್ತೆಯವರು ದಾಟದ ಹೊಸಿಲು

ಐರ್ಲೆಂಡಿನ ಕ್ಯಾಸಲ್‌ನಾಕ್‌ನ ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡಿನಲ್ಲಿ ಯಾರೂ ಹಾಕದ ಬೂದುಬಣ್ಣದ ಒಂದು ಜೊತೆ ಶೂ ಇದೆ. ಮನೆಯಲ್ಲಿ ಜನ ಮೂವರು, ಶೂ ಹನ್ನೊಂದು ಜೊತೆ ಎಂಬ ಹಗರಣವನ್ನು ಸದ್ಯಕ್ಕೆ ಬದಿಗಿಟ್ಟರೂ, ಪ್ರತಿ ಶನಿವಾರ ಗುಡಿಸುವಾಗ ಈ ಜೋಡಿಯನ್ನೆತ್ತಿ, ಧೂಳು ಕೊಡವಿ, ಮತ್ತೆ ಅಲ್ಲಿಯೇ ಇಡುವ ವ್ರತವನ್ನು ನಾನು ತಪ್ಪಿಸುವುದಿಲ್ಲ. ಅವು ನನ್ನ ಹೆಂಡತಿಯ ತಾಯಿಯವರವು. ಎರಡು ವರ್ಷದ ಹಿಂದೆ ಮೈಸೂರಿನಿಂದ ಬಂದಿದ್ದವರು ಹೊರಡುವಾಗ, "ಮುಂದಿನ್ ಸಲ ಬಂದಾಗ ಬೇಕಾಗುತ್ತೆ, ಇಲ್ಲೇ ಇರ್ಲಿ" ಎಂದು ಬಿಟ್ಟುಹೋದರು.

ನನಗೊಂದು ದುರಭ್ಯಾಸವಿದೆ, ಸಿಗರೇಟಿನದಾಗಿದ್ದರೆ ಬಿಡಿಸಬಹುದಿತ್ತು. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೋಡ್ ಬರೆಯುವವನು ರಜಾದಿನಗಳಲ್ಲಿ ಪಾಳುಬಿದ್ದ ಚರ್ಚುಗಳ ಸ್ವಯಂಘೋಷಿತ ಪಂಡಿತನಾಗುತ್ತೇನೆ. ಅದರಲ್ಲೂ ರೋಮನೆಸ್ಕ್ ಶೈಲಿ ಎಂದರೆ ನನ್ನ ನಾಲಿಗೆಗೆ ಲಗಾಮಿಲ್ಲ. ರೋಮನ್ ಸಾಮ್ರಾಜ್ಯ ಅಳಿದು ಶತಮಾನಗಳಾದ ಮೇಲೆ ಯುರೋಪಿನ ಕಲ್ಲುಕುಟಿಗರು ಅದರ ಅರ್ಧವೃತ್ತದ ಕಮಾನನ್ನು ಮತ್ತೆ ಎತ್ತಿ ನಿಲ್ಲಿಸಿದರು. ಕಲ್ಲಿನ ಚಾವಣಿಯ ಭಾರ ಹೊರಲೆಂದು ಗೋಡೆಗಳನ್ನು ದಪ್ಪವಾಗಿಸಿದರು, ಗೋಡೆ ಸಡಿಲವಾಗದಿರಲೆಂದು ಕಿಟಕಿಗಳನ್ನು ಕಿರಿದಾಗಿಸಿದರು. ರೋಮಿನ ಸೈನ್ಯ ಎಂದೂ ಆಳದ ಐರ್ಲೆಂಡಿಗೆ ಈ ಕಮಾನು ಬಂದದ್ದು ದೂರ ಯಾತ್ರೆ ಮಾಡಿ ಮರಳಿದವರ ಕಣ್ಣಿನಲ್ಲಿ. ಇಲ್ಲಿಯವರು ಕಟ್ಟಡವನ್ನು ಪುಟ್ಟದಾಗಿಯೇ ಇಟ್ಟುಕೊಂಡು ಆಸೆಯನ್ನೆಲ್ಲ ಬಾಗಿಲಿನ ಮೇಲೆ ಸುರಿದರು: ಒಂದರೊಳಗೊಂದು ಹುದುಗಿದ ಕಮಾನುಗಳು, ಅವುಗಳ ಮೇಲೆ ಅಂಕುಡೊಂಕು ಗೆರೆಗಳು, ಕಂಬದ ತಲೆಯಲ್ಲಿ ಗಡ್ಡ ಹೆಣೆದ ಮನುಷ್ಯಮುಖ, ಹಲ್ಲು ಕಿರಿದ ಮೃಗ. ನೋಡಿ, ಲಗಾಮಿಲ್ಲ ಎಂದೆನಲ್ಲ.

ಅಂಥದೊಂದು ಬಾಗಿಲನ್ನು ತೋರಿಸಲು ಅತ್ತೆಯವರನ್ನೂ ಮಗಳನ್ನೂ ಡ್ರೋಹೆಡಾ ಕಡೆಯ ಹಳ್ಳಿಯೊಂದಕ್ಕೆ ಕರೆದೊಯ್ದೆ. ಚಾವಣಿ ಎಂದೋ ಬಿದ್ದುಹೋಗಿ, ಗೋಡೆಗಳೂ ಬಾಗಿಲೂ ಮಾತ್ರ ಉಳಿದಿದ್ದ ಚರ್ಚು ಅದು. ನನ್ನ ಉಪನ್ಯಾಸ ಇನ್ನೂ ರೋಮಿನಲ್ಲಿರುವಾಗಲೇ ಅತ್ತೆಯವರು, "ಅಯ್ಯೋ, ನಮ್ಮ ದೇವಸ್ಥಾನದ ಬಾಗಿಲುವಾಡದ ಹಾಗೇ ಇದೆಯಲ್ಲ!" ಎಂದು ಕಣ್ಣರಳಿಸಿದರು, ಒದ್ದೆ ಹುಲ್ಲಿನ ಮೇಲೆ ಶೂ ಬಿಚ್ಚಿ, ಹೊಸಿಲು ಮುಟ್ಟಿ ನಮಸ್ಕರಿಸಲು ಬಗ್ಗಿದರು. ಪಕ್ಕದಲ್ಲಿ ವಯಸ್ಸಾದ ಐರಿಷ್ ದಂಪತಿ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ಹೌದು, ನಾಚಿಕೆಯೇ; ಅದಕ್ಕಿಂತ ಮರ್ಯಾದಸ್ಥ ಪದವನ್ನು ಹುಡುಕಿ ಸೋತಿದ್ದೇನೆ.

"ಇದು ಪಾಳು ಕಟ್ಟಡ ಅತ್ತೆ, ಒಳಗೆ ದೇವ್ರಿಲ್ಲ. ಎಲ್ರೂ ನೋಡ್ತಿದಾರೆ, ಶೂ ಹಾಕ್ಕೊಳಿ," ಎಂದೆ.

ಅಳಿಯನಿಗೆ ಎದುರಾಡದ ಸಂಪ್ರದಾಯದವರು, ಹಾಕಿಕೊಂಡರು. "ನೀವು ನೋಡ್ಕೊಂಡ್ ಬನ್ನಿ, ನಂಗೆ ಮಂಡಿ ನೋವು," ಎಂದು ಹೊರಗಿನ ಬಂಡೆಯ ಮೇಲೆ ಕುಳಿತರು. ನಾನು ಒಳಹೋಗಿ ಮನದಣಿಯೆ ಫೋಟೋ ತೆಗೆದೆ.

ಅವರನ್ನು ವಿಮಾನ ಹತ್ತಿಸಿ ಬರುವಾಗ, ಪಾಪ, ಮಂಡಿನೋವಿನಿಂದ ಆ ಚರ್ಚನ್ನೂ ಸರಿಯಾಗಿ ನೋಡಲಾಗಲಿಲ್ಲ ಎಂದೆ. ನಮ್ಮ ಕನ್ನಡಕ್ಕೆ ಐರಿಷ್ ರಾಗದ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, "ಅಜ್ಜಿ ವಾಸ್ ಗ್ರ್ಯಾಂಡ್, ಅಪ್ಪಾ. ಶೀ ಜಸ್ಟ್ ವುಡಂಟ್ ಗೋ ಇನ್ ವಿತ್ ಶೂಸ್ ಆನ್," ಎಂದಳು. ಅಜ್ಜಿ ಚೆನ್ನಾಗಿಯೇ ಇದ್ದರಂತೆ, ಶೂ ಹಾಕಿಕೊಂಡು ಒಳಗೆ ಹೋಗಲೊಲ್ಲದೆ ಕುಳಿತರಂತೆ. ಹತ್ತು ವರ್ಷದವಳಿಗೆ ಕಂಡದ್ದು ಪಂಡಿತನಿಗೆ ಕಂಡಿರಲಿಲ್ಲ. ಮನೆಗೆ ಬಂದು ಫೋಟೋಗಳನ್ನು ತಿರುವಿದೆ. ಒಂದರಲ್ಲಿ ಕಮಾನಿನ ಕೆಳಗೆ ಆ ಐರಿಷ್ ಮುದುಕ ಒಳಗೆ ಕಾಲಿಡುತ್ತಿದ್ದಾನೆ, ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡು.

ಮುಂದಿನ ಸಲ ನಾನೇ ಕೈಹಿಡಿದು ಕರೆದೊಯ್ಯುತ್ತೇನೆ ಎಂದುಕೊಂಡೆ. ಆ ಮುಂದಿನ ಸಲ ಬರಲಿಲ್ಲ. ಅತ್ತೆಯವರ ಕಣ್ಣಿನ ನರಗಳು ಸೋತು, ಈಗ ಅವರಿಗೆ ಬೆಳಕೂ ನೆರಳೂ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಕಳೆದ ಭಾನುವಾರ ಆ ಚರ್ಚಿಗೆ ಒಬ್ಬನೇ ಹೋಗಿದ್ದೆ. ಶೂ ಬಿಚ್ಚಿ, ಹೊಸಿಲು ಮುಟ್ಟಿ ಒಳಗೆ ಹೋದೆ. ಕಾಲು ಮರಗಟ್ಟುವಂಥ ಚಳಿ. ಅಲ್ಲಿಂದಲೇ ಅತ್ತೆಯವರಿಗೆ ಫೋನ್ ಮಾಡಿ ಹೇಳಿದೆ.

"ಒಳಗೆ ಏನಿದೆ?" ಎಂದು ಕೇಳಿದರು.

"ಹುಲ್ಲು, ಆಕಾಶ, ಅಷ್ಟೇ. ಅವತ್ತು ನಾನು ಹಾಗೆ ಹೇಳಬಾರದಿತ್ತು ಅತ್ತೆ," ಎಂದೆ.

"ಅಯ್ಯೋ, ಬಿಡಿ. ಕಾಲು ಒರೆಸ್ಕೊಳಿ, ಶೀತ ಆಗುತ್ತೆ," ಎಂದರು. ಆಮೇಲೆ, "ಆ ಶೂನ ಇನ್ ಯಾರಿಗಾದ್ರೂ ಕೊಟ್ಬಿಡಿ, ಹೊಸದರ ಹಾಗೇ ಇದೆ," ಎಂದರು.

ಆಗಲಿ ಎಂದೆ. ಇವತ್ತು ಶನಿವಾರ. ಎತ್ತಿ, ಧೂಳು ಕೊಡವಿ, ಮತ್ತೆ ಅಲ್ಲಿಯೇ ಇಟ್ಟಿದ್ದೇನೆ.