ಲೂಪಿನಲ್ಲಿ ಉಳಿದ ಹಸು

ಪಾಂಡವಪುರದ ಕಂಪ್ಯೂಟರ್ ತರಗತಿಯಲ್ಲಿ ಆ ವಾರ ಜಾವಾದ ಪಟ್ಟಿಗಳ ಪಾಠ ನಡೆಯುತ್ತಿತ್ತು. ಸೇರಿಸಿದರೆ ತಾನೇ ಬೆಳೆಯುವ, ತೆಗೆದರೆ ತಾನೇ ಕುಗ್ಗುವ ಪಟ್ಟಿ. ಅಭ್ಯಾಸಕ್ಕೆ ಮೇಷ್ಟ್ರು ಹಣ್ಣುಗಳ ಹೆಸರು ಕೊಟ್ಟಿದ್ದರು. ಸೇಬು, ಕಿತ್ತಳೆ ಎಂದು ಬರೆದು ಬರೆದು ನನಗೆ ತಲೆ ಚಿಟ್ಟು ಹಿಡಿದಿತ್ತು. ನಮ್ಮೂರು ಕ್ಯಾತನಹಳ್ಳಿಗೆ ಬಂದವಳೇ ಜಗುಲಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಎದುರಿಗಿದ್ದ ನಮ್ಮ ಕೊಟ್ಟಿಗೆಯ ಹಸುಗಳನ್ನೇ ಪಟ್ಟಿಗೆ ಹಾಕಿದೆ. ಗೂಟದ ಸಾಲಿನಲ್ಲಿದ್ದಂತೆಯೇ ಕೆಂದಿ, ಕಪ್ಪಿ, ಮುದುಕಿ, ಚುಕ್ಕಿ. ಒಂದೊಂದರ ಮುಂದೆ ಅದು ಕೊಡುವ ಹಾಲಿನ ಲೆಕ್ಕ.

ಮನೆಯಲ್ಲೂ ಆಗ ಅದೇ ಮಾತು. ಅವ್ವನ ಬೆರಳುಗಳು ಸೆಟೆದುಕೊಂಡು ಹಾಲು ಕರೆಯುವುದು ಕಷ್ಟವಾಗಿತ್ತು. "ಆಲು ಕಮ್ಮಿ ಇರೋವ್ನ ಕೊಟ್ಬುಡವ ಕಣವ್ವ," ಎಂದು ಅಣ್ಣ ಹೇಳಿದ್ದ. ಅವ್ವ ಹೂಂಗುಟ್ಟಿದ್ದಳು. ಆದರೆ ಮುದುಕಿ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಅವ್ವನಲ್ಲದೆ ಬೇರೆ ಯಾರು ಕೂತರೂ ಹಾಲು ಬಿಡುತ್ತಿರಲಿಲ್ಲ.

ಲೂಪು ಎಂದರೆ ಸಾಲಿನ ತುದಿಯಿಂದ ಒಂದೊಂದನ್ನೇ ನೋಡುತ್ತಾ ಹೋಗುವುದು. ಹಾಲು ಕಡಿಮೆಯಿದ್ದರೆ ತೆಗೆ ಎಂದು ಬರೆದೆ. ಕಪ್ಪಿ, ಮುದುಕಿ ಎರಡರದ್ದೂ ಕಡಿಮೆಯೇ. ಆದರೆ ಕಪ್ಪಿ ಹೋಯಿತು, ಮುದುಕಿ ಉಳಿಯಿತು.

ಪಕ್ಕದಲ್ಲೇ ಕೂತಿದ್ದ ಅವ್ವ, "ಮುದುಕಿ ಇನ್ನೂ ಅವ್ಳಾ ಅದ್ರಲ್ಲಿ?" ಎಂದಳು.

"ಅವ್ಳೆ. ತಪ್ಪಾಗೈತೆ ಕಣವ್ವ."

"ತಪ್ಪಂತೆ! ನಿನ್ ಮಿಸೀನ್‌ಗಾದ್ರೂ ಕರುಳೈತಲ್ಲ, ಬುಡು."

ಕರುಳೇನೂ ಇರಲಿಲ್ಲ. ಕಪ್ಪಿಯನ್ನು ತೆಗೆದ ಕೂಡಲೇ ಹಿಂದಿದ್ದ ಮುದುಕಿ ಆ ಜಾಗಕ್ಕೆ ಸರಿದಿತ್ತು. ಆ ಜಾಗ ನೋಡಿಯಾಯಿತೆಂದು ಲೂಪು ಮುಂದಕ್ಕೆ ಹೋಗಿತ್ತು. ಕೊನೆಯಿಂದ ಹಿಂದಕ್ಕೆ ನೋಡುತ್ತಾ ಬಂದರೆ ಈ ತಾಪತ್ರಯವಿಲ್ಲ. ಹಾಗೆ ತಿದ್ದಿದೆ. ಮುದುಕಿಯೂ ಹೋಯಿತು. ಏನೋ ಗೆದ್ದವಳಂತೆ ಅವ್ವನ ಮುಖ ನೋಡಿದೆ. ಅವಳು ಎದ್ದು ಕೊಟ್ಟಿಗೆಗೆ ಹೋದಳು.

ಆ ಭಾನುವಾರ ಟೆಂಪೊ ಬಂತು. ಅವ್ವ ಮುದುಕಿಯ ಹಣೆಗೆ ಅರಿಶಿನ ಕುಂಕುಮ ಇಟ್ಟು, ಬಾಯಿಗೆ ಬೆಲ್ಲ ಕೊಟ್ಟು, ಕೊರಳ ಹಗ್ಗ ಬಿಚ್ಚಿಕೊಂಡಳು. ಮಾರಿದ ಹಸುವಿನ ಜೊತೆ ಮನೆಯ ಹಗ್ಗ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕಪ್ಪಿ, ಮುದುಕಿ ಎರಡೂ ಹೋದವು.

ಸಂಜೆ ಚುಕ್ಕಿಯನ್ನು ಕೆಂದಿಯ ಪಕ್ಕದ ಗೂಟಕ್ಕೆ ಕಟ್ಟಲು ಹೋದೆ. ಅದು ಕಾಲೂರಿ ನಿಂತು, ನನ್ನನ್ನೂ ಎಳೆದುಕೊಂಡು ತನ್ನ ಗೂಟಕ್ಕೇ ವಾಪಸಾಯಿತು. ನಡುವಿನ ಎರಡು ಗೂಟ ಹಾಗೇ ಖಾಲಿ ಉಳಿದವು. ಪಟ್ಟಿಯಲ್ಲಾದರೆ ಖಾಲಿ ಜಾಗ ಉಳಿಯುವುದೇ ಇಲ್ಲ. ನನಗೆ ಅಲ್ಲೇ ಅಳು ಬಂತು.

ಜಗುಲಿಯಲ್ಲಿ ಅವ್ವ ಆ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಆ ಮೊದ್ಲಿಂದು ಇನ್ನೂ ಇದ್ದದಾ ಮಗ? ಅದೇ, ತಪ್ಪು ಅಂದ್ಯಲ್ಲ."

ಇರಲಿಲ್ಲ. ಅದರ ಮೇಲೇ ತಿದ್ದಿಬಿಟ್ಟಿದ್ದೆ. ಲ್ಯಾಪ್‌ಟಾಪ್ ತಂದು ಅದೇ ತಪ್ಪನ್ನು ಮತ್ತೆ ಬರೆದೆ. ಕೆಂದಿ, ಮುದುಕಿ, ಚುಕ್ಕಿ ಎಂದು ಬಂತು. ಓದಿ ಹೇಳಿದೆ. ಅವ್ವ ಇನ್ನೊಂದು ಸಲ ಓದಿಸಿದಳು.

"ಇದ್ನ ತಿದ್ಬ್ಯಾಡ ಕಣ್ಮಗ," ಎಂದಳು.