ಮುಚ್ಚಳವಿಲ್ಲದ ಡಬ್ಬಿ

ಕುರುಗೋಡಿನ ಬಸ್ ನಿಲ್ದಾಣದ ಎದುರಿಗಿದ್ದ ಫೋಟೋ ಸ್ಟುಡಿಯೋದ ಒಳಗೆ, ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಜೆರಾಕ್ಸ್ ಯಂತ್ರದ ಎಡಕ್ಕೆ ನಾನು ನಿಂತಿದ್ದೆ. ಮಂಗಳವಾರ, ಬೆಳಿಗ್ಗೆ ಹನ್ನೊಂದೂಕಾಲು. ಹನ್ನೊಂದರ ಬಳ್ಳಾರಿ ಬಸ್ಸು ಆಗಷ್ಟೇ ಹೋಗಿತ್ತು. ಅದಿರಿನ ಲಾರಿಗಳು ರಸ್ತೆಗಳನ್ನೆಲ್ಲ ಕೆಂಪು ಮಾಡಿದ್ದ ವರ್ಷಗಳು ಅವು. ಆಗ ನಾನು ಪತ್ರ ಬರಹಗಾರನಾಗಿದ್ದೆ. ಸ್ಟುಡಿಯೋದ ಪಕ್ಕದ ಕಟ್ಟೆಯ ಮೇಲೆ ನನ್ನ ಮೇಜು. ಜನರ ಕ್ರಯಪತ್ರ, ಒಪ್ಪಂದ ಬರೆದು, ಅವರಿಗೆ ಜೋರಾಗಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸುವುದು ನನ್ನ ಕೆಲಸ.

ಸ್ಟುಡಿಯೋದವರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಕೌಂಟರಿನ ಮೇಲೆ ಅವರದೊಂದು ದೊಡ್ಡ ಬಿಸ್ಕತ್ತಿನ ತಗಡಿನ ಡಬ್ಬಿ. ಆ ದಿನಗಳಲ್ಲಿ ಗ್ಯಾಸಿಗೆ, ಮೊಬೈಲ್ ಸಿಮ್ಮಿಗೆ, ಎಲ್ಲದಕ್ಕೂ ಮತದಾರರ ಗುರುತಿನ ಚೀಟಿಯ ಜೆರಾಕ್ಸ್ ಬೇಕಾಗುತ್ತಿತ್ತು. ಹಳ್ಳಿಯಿಂದ ಕೂಲಿ ಬಿಟ್ಟು ಬಂದವರು ಕರೆಂಟಿಲ್ಲದೆ ವಾಪಸು ಹೋಗುವುದನ್ನು ನೋಡಲಾರದೆ, ಚಾಚಾ ಕರೆಂಟಿದ್ದಾಗ ಪ್ರತಿಯೊಬ್ಬರದೂ ಎರಡು ಪ್ರತಿ ಹೆಚ್ಚಿಗೆ ತೆಗೆದು ಲಕೋಟೆಯಲ್ಲಿಡುತ್ತಿದ್ದರು. ಓದು ಬಾರದವರು ಬಹಳ. ಅದಕ್ಕೆ ಲಕೋಟೆಯ ಮೇಲೆ ಹೆಸರಿನ ಬದಲು ಫೋಟೋ ಅಂಟಿಸುತ್ತಿದ್ದರು. ಜನ ಡಬ್ಬಿಗೆ ಕೈ ಹಾಕಿ ತಮ್ಮ ಮುಖ ತಾವೇ ಹುಡುಕಿಕೊಳ್ಳುತ್ತಿದ್ದರು.

“ಚಾಚಾ, ನನ್ನ ಮುಖ ಸುಟ್ಟ ಬದನಿಕಾಯಿ ಆಗೇತಲ್ಲೋ ಇದರಾಗ,” ಎಂದು ಒಬ್ಬಾಕೆ ಜಗಳ ತೆಗೆದದ್ದು ನೆನಪಿದೆ.

“ಸರ್ಕಾರಕ್ಕ ಚೆಂದ ಯಾಕ ಬೇಕಬೇ? ಗುರ್ತು ಸಿಕ್ಕರ ಸಾಕು,” ಎಂದಿದ್ದರು ಚಾಚಾ.

ಆ ಡಬ್ಬಿಗೆ ಮುಚ್ಚಳವಿರಲಿಲ್ಲ. ಮುಚ್ಚಳವನ್ನು ಚಾಚಾನ ಹೆಂಡತಿ ಚಹಾದ ಲೋಟಗಳನ್ನು ತರಲು ತಟ್ಟೆ ಮಾಡಿಕೊಂಡಿದ್ದರು.

ಬಳ್ಳಾರಿಯಿಂದ ಒಬ್ಬ ಏಜೆಂಟ್ ಬಂದು, ಗಣಿಯಲ್ಲಿ ಕೆಲಸಕ್ಕೆ ಕಾರ್ಡು ಮಾಡಿಸುತ್ತೇನೆಂದು ಹೇಳಿ, ಪ್ರತಿ ಲಕೋಟೆಯಿಂದ ಒಂದೊಂದು ಪ್ರತಿ ಒಯ್ದನಂತೆ. ಚಾಚಾ ಹಾಗೆ ಹೇಳಿದರು. ಆ ಮನುಷ್ಯನನ್ನು ನಾನು ನೋಡಿಲ್ಲ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಕೆಲವು ತಿಂಗಳ ಮೇಲೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ನುಚ್ಚು ಕೇರುವ ಒಬ್ಬ ಹೆಂಗಸಿನ ಮನೆಗೆ ಪೊಲೀಸರು ಹೋದರು. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದ ಅದಿರಿನ ಲಾರಿಯೊಂದು ಅವಳ ಹೆಸರಿನಲ್ಲಿತ್ತು. ಅವಳ ಮನೆಯಲ್ಲಿ ಸೈಕಲ್ಲೂ ಇರಲಿಲ್ಲ. ಲಾರಿಯ ಕಾಗದಗಳಲ್ಲಿದ್ದ ಅವಳ ಚೀಟಿಯ ಜೆರಾಕ್ಸ್ ತೋರಿಸಿ, ಇದನ್ನು ಎಲ್ಲಿ ಮಾಡಿಸಿದೆ ಎಂದು ಕೇಳಿದರು. ಕುರುಗೋಡಿನ ಚಾಚಾನ ಸ್ಟುಡಿಯೋದಲ್ಲಿ ಎಂದು ಅವಳು ಇದ್ದದ್ದನ್ನು ಹೇಳಿದಳು.

ಆ ಮಂಗಳವಾರ ಪೊಲೀಸರು ನನ್ನನ್ನೂ ಬಸ್ ನಿಲ್ದಾಣದ ಹೂವಿನವನನ್ನೂ ಪಂಚರೆಂದು ಒಳಗೆ ಕರೆದರು. ಸಿಕ್ಕ ವಸ್ತು ಎಲ್ಲಿ, ಹೇಗೆ ಸಿಕ್ಕಿತು ಎಂಬುದಕ್ಕೆ ಸಾಕ್ಷಿಯಾಗಿ ನಿಂತು ಸಹಿ ಹಾಕುವವರು ಪಂಚರು. ಅಧಿಕಾರಿ ಡಬ್ಬಿಯನ್ನು ಕೌಂಟರಿನ ಮೇಲೆ ಬೋರಲು ಹಾಕಿದ. ಮುಖಗಳೆಲ್ಲ ಹರಡಿದವು.

“ಯಾಕಲೇ, ಊರ ಮಂದಿ ಚೀಟಿ ನಿನಗ್ಯಾಕ ಬೇಕು? ಇಷ್ಟೂ ಮಂದಿ ನಿನ್ನ ಅಳಿಯಂದಿರೇನು?”

“ಅವರ ಸಲುವಾಗೇ ಇಟ್ಟೀನಿ ಸಾಹೇಬ್ರ. ಬಂದು ಒಯ್ತಾರ.”

“ಏಜೆಂಟನ ಹೆಸರು ಹೇಳು.”

ಚಾಚಾ ಹೇಳಿದರು. ಬರೆದುಕೊಳ್ಳುತ್ತಿದ್ದ ಪೇದೆಯ ಪೆನ್ನು ನಿಂತಿತು. ಅಧಿಕಾರಿ ಬೇಡವೆಂದು ತಲೆಯಾಡಿಸಿದ. ಪೇದೆ ಆ ಹೆಸರನ್ನು ಬರೆಯಲಿಲ್ಲ. ಅಷ್ಟು ಹೊತ್ತೂ ಒಳಬಾಗಿಲಲ್ಲಿ ಚಾಚಿ, ಆ ಮುಚ್ಚಳದ ಮೇಲೆ ಮೂರು ಲೋಟ ಚಹಾ ಇಟ್ಟುಕೊಂಡು, ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದರು.

ಪಂಚನಾಮೆಯನ್ನು ಹೊರಗೆ ಜೀಪಿನಲ್ಲಿ ಕೂತು ಬರೆದು ಮುಗಿಸಿದರು. ಬಾನೆಟ್ಟಿನ ಮೇಲೆ ಹಾಳೆ ಇಟ್ಟು ನನ್ನ ಕೈಗೆ ಪೆನ್ನು ಕೊಟ್ಟರು. ಹೂವಿನವನಿಗೆ ಓದು ಬರುತ್ತಿರಲಿಲ್ಲ. ನಾನು ಎಂದಿನಂತೆ ಓದಿ ಹೇಳುತ್ತೇನೆಂದು ಅವನು ನನ್ನ ಮುಖ ನೋಡಿದ. ನಾನು ಓದಲಿಲ್ಲ. ಅಧಿಕಾರಿಯ ಬೆರಳು ಸಹಿಯ ಜಾಗದ ಮೇಲಿತ್ತು, ಅಲ್ಲಿ ಸಹಿ ಮಾಡಿದೆ. ಅದನ್ನು ನೋಡಿ ಹೂವಿನವನು ಹೆಬ್ಬೆಟ್ಟು ಒತ್ತಿದ.

ಅದರಲ್ಲೇನಿತ್ತೆಂದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ, ಬಳ್ಳಾರಿಯ ನ್ಯಾಯಾಲಯದ ಹೊರಗಿನ ಬೇವಿನ ಮರದ ಕೆಳಗೆ. ಚಾಚಾನ ವಕೀಲರು ಓದಿದರು: ಕ್ಯಾಮೆರಾ ಕೋಣೆಯ ಕಪ್ಪು ಪರದೆಯ ಹಿಂದೆ, ಮುಚ್ಚಳ ಬಿಗಿದ ತಗಡಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಗುರುತಿನ ಚೀಟಿಗಳ ಪ್ರತಿಗಳು.

“ಬೇರೆಯವರ ಚೀಟಿ ಹತ್ತಿರ ಇದ್ದರಷ್ಟೇ ಅಪರಾಧ ಆಗೋದಿಲ್ಲ,” ಎಂದರು ಅವರು. “ಮೋಸದ ಉದ್ದೇಶ ತೋರಿಸಬೇಕು. ಬಚ್ಚಿಟ್ಟಿದ್ದ ಅಂದರೆ ಉದ್ದೇಶ ಇತ್ತು ಅಂತ ಹಿಡೀತಾರೆ. ಹೆಂಡತಿಯ ಮಾತಿಗೆ ತೂಕ ಬರೋದಿಲ್ಲ. ಹೂವಿನವ ತೀರಿಹೋದ. ಇನ್ನು ನೀವೇ ಹೇಳಬೇಕು.”

ಚಾಚಿ ಹತ್ತಿರ ಬಂದರು. “ಸ್ವಾಮ್ಯಾರ, ಮುಚ್ಚಳ ನನ್ನ ಕೈಯಾಗಿತ್ತು. ಅಷ್ಟ ಹೇಳ್ರಿ.”

“ಹೇಳ್ತೀನವ್ವ,” ಎಂದೆ.

ಸಾಕ್ಷಿಕಟ್ಟೆಯಲ್ಲಿ ಸರ್ಕಾರಿ ವಕೀಲರು ಹಾಳೆ ತೋರಿಸಿದರು. ಸಹಿ ನಿಮ್ಮದೇ? ನನ್ನದೇ. ನೀವು ಲೈಸೆನ್ಸ್ ಇರುವ ಪತ್ರ ಬರಹಗಾರರಲ್ಲವೆ? ಹೌದು. ಓದದೆ ಯಾರ ಕೈಯಲ್ಲೂ ಸಹಿ ಮಾಡಿಸುವವರಲ್ಲ, ಅಲ್ಲವೆ? ಮಾಡಿಸುವುದಿಲ್ಲ. ಹಾಗಾದರೆ ಇದನ್ನು ಓದಿ ಸಹಿ ಮಾಡಿದಿರೋ, ಓದದೆಯೋ?

ಓದದೆ ಎಂದರೆ ನನ್ನ ಲೈಸೆನ್ಸ್ ಹೋಗುತ್ತದೆ ಎಂದು ನಾನು ಯೋಚಿಸಿದೆ. ಹಾಗೆ ಯೋಚಿಸಲು ಎಷ್ಟು ಹೊತ್ತು ಹಿಡಿಯಿತೆಂದು ಈಗಲೂ ಹೇಳಬಲ್ಲೆ: ಫ್ಯಾನಿನ ರೆಕ್ಕೆ ಎರಡು ಸುತ್ತು ಬರುವಷ್ಟು.

“ಓದಿಯೇ ಮಾಡಿದೆ.”

ಆಮೇಲೆ ಚಾಚಾನ ವಕೀಲರು ಎದ್ದು, ಡಬ್ಬಿಗೆ ಮುಚ್ಚಳವಿತ್ತೇ ಎಂದು ಕೇಳಿದರು. “ಅದರಲ್ಲಿ ಬರೆದಂತೆ,” ಎಂದೆ. ಅವರು ಕೂತುಬಿಟ್ಟರು. ಚಾಚಾ ನನ್ನ ಕಡೆ ನೋಡುತ್ತಿದ್ದರೋ ಇಲ್ಲವೋ ಹೇಳಲಾರೆ. ನಾನು ಆ ಕಡೆ ತಿರುಗಲಿಲ್ಲ.

ಶಿಕ್ಷೆಯಾಯಿತು. ಎರಡು ವರ್ಷದ ಮೇಲೆ ಬಿಡುಗಡೆಯಾಗಿ ಬಂದ ಚಾಚಾ ಮತ್ತೆ ಸ್ಟುಡಿಯೋ ತೆರೆಯಲಿಲ್ಲ. ತೆರೆದಿದ್ದರೂ ಯಾರೂ ತಮ್ಮ ಚೀಟಿ ಅವರ ಕೈಗೆ ಕೊಡುತ್ತಿರಲಿಲ್ಲ. ನನ್ನ ಮೇಜಿನ ಮುಂದೆ ಹಾದುಹೋಗುವಾಗ “ಹುಷಾರದೀರೇನ್ರಿ?” ಎಂದು ಕೇಳುತ್ತಿದ್ದರು, ಅಷ್ಟೆ. ಮರುವರ್ಷದ ಬೇಸಿಗೆಯಲ್ಲಿ ತೀರಿಕೊಂಡರು. ಏಜೆಂಟನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಲೈಸೆನ್ಸ್ ನನ್ನ ಬಳಿಯೇ ಇದೆ. ಇದನ್ನೆಲ್ಲ ಈಗ ಬರೆದುದರಿಂದ ಯಾವುದೂ ಬದಲಾಗುವುದಿಲ್ಲವೆಂದು ಗೊತ್ತಿದೆ.

ಆ ಮಂಗಳವಾರ ಡಬ್ಬಿಯನ್ನು ಕಂಡವರಲ್ಲಿ, ನನ್ನನ್ನು ಬಿಟ್ಟರೆ, ಇನ್ನೂ ಬದುಕಿರುವವರು ಇಬ್ಬರು. ಒಬ್ಬ ಆ ಪೇದೆ. ನಿವೃತ್ತನಾಗಿ ಮೋಕದಲ್ಲಿದ್ದಾನೆ, ಹೊಲ ಮಾಡಿಸುತ್ತಾನೆ. ಇನ್ನೊಬ್ಬರು ಮುಚ್ಚಳವನ್ನು ಕೈಯಲ್ಲಿ ಹಿಡಿದು ನಿಂತಿದ್ದ ಚಾಚಿ. ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿದ್ದಾರೆ.