ತುಟಿಯ ಮೇಲಿನ ಬೆರಳು

ಮಗಳಿಗೆ ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರದ ಸೂಜಿಯನ್ನು ನಾನು ಹಾಕಿಸಲಿಲ್ಲ. ಓಣಿಯವರು ಇಂದಿಗೂ ಆ ತಪ್ಪನ್ನು ನಮ್ಮ ಅತ್ತೆಯ ತಲೆಗೆ ಕಟ್ಟುತ್ತಾರೆ. ಹಳೆಯ ಕಾಲದ ಹೆಂಗಸು, ಸೊಸೆಯನ್ನು ತಡೆದಿರಬೇಕು ಎಂದು. ಪಾಪ, ಅವರು ಬಾಯಿಯನ್ನೇ ಬಿಟ್ಟಿರಲಿಲ್ಲ. ತಡೆದವಳು ನಾನು, ಚಿತ್ತಾಪುರದಲ್ಲಿ ಬಿ.ಎ. ಮುಗಿಸಿದವಳು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ನನ್ನ ಹತ್ತಿರ ಆ ಒಕ್ಕಾಲಷ್ಟೇ ಇತ್ತು.

ಕಾರಣ ಕೇಳಿದರೆ ನಗುತ್ತೀರಿ. ಮೂರೂವರೆ ತಿಂಗಳ ಸೂಜಿಗೆ ಅವಳಿಗೆ ಎರಡು ದಿನ ಜ್ವರ ಬಂದಿತ್ತು. ತೊಡೆ ಗಂಟು ಕಟ್ಟಿ, ಮುಟ್ಟಿದರೆ ಚೀರುತ್ತಿದ್ದಳು. ಆ ಅಳು ನನ್ನಿಂದ ಮತ್ತೆ ಕೇಳಲಾಗುತ್ತಿರಲಿಲ್ಲ, ಅಷ್ಟೇ. ಒಮ್ಮೆ ನೆಗಡಿ ಎಂದೆ, ಒಮ್ಮೆ ಚಿಂಚೋಳಿಯಲ್ಲಿ ಮದುವೆ ಇದೆ ಎಂದೆ. ಇಂದು ನಾಳೆ ಎನ್ನುತ್ತ ಮಗುವಿಗೆ ಹದಿನಾಲ್ಕು ತಿಂಗಳು ತುಂಬಿತು.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮಾತ್ರ ಬೆನ್ನು ಬಿಡುವವಳಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದೆ. ಆ ದಿನ ಅವಳು ಓಣಿಯ ತುದಿಯಲ್ಲಿ ಬರುತ್ತಿರುವುದು ಕಿಟಕಿಯಿಂದ ಕಾಣಿಸಿತು. ಮಗಳನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಬಾಗಿಲ ಹಿಂದೆ, ಜೋಳದ ಡಬ್ಬಿಯ ಪಕ್ಕ ಕೂರಿಸಿದೆ. ತುಟಿಯ ಮೇಲೆ ಬೆರಳಿಟ್ಟು "ಶ್" ಎಂದೆ. ಅವಳಿಗೆ ಅದು ಆಟ. ತಾನೂ ಪುಟ್ಟ ಬೆರಳನ್ನು ತುಟಿಗಿಂತ ಮೂಗಿಗೇ ಹೆಚ್ಚು ಒತ್ತಿಕೊಂಡು "ಶ್" ಎಂದಳು.

"ಅಂಗನವಾಡಿಗಿ ಸಿಸ್ಟರ್ ಬಂದಾರ, ಕೂಸಿಗಿ ಕರ್ಕೊಂಡು ಬಾ ತಂಗಿ," ಎಂದಳು ಅಕ್ಕ, ಹೊಸ್ತಿಲಲ್ಲಿ ನಿಂತು.

"ಕೂಸು ಊರಾಗಿಲ್ರೀ ಅಕ್ಕಾ. ಸೇಡಂಗ ನಮ್ಮವ್ವನ ಮನಿಗಿ ಹೋಗ್ಯಾದ."

"ನಿನ್ನ ಬಿಟ್ಟು ಇರ್ತದೇನು?"

"ಇರ್ತದ್ರೀ."

ಅವಳು ಹೊಸ್ತಿಲತ್ತ ಒಮ್ಮೆ ಕಣ್ಣು ಹಾಯಿಸಿದಳು. ಕುಡಿಯಲು ನೀರು ಕೇಳಿ ಒಳಗೆ ಬಂದಾಳೆಂದು ನನಗೆ ಪುಕುಪುಕು. ಕೇಳಲಿಲ್ಲ. "ಬಂದ ಕೂಡ್ಲೇ ಹೇಳು," ಎಂದು ಹೋದಳು. ಒಳಗೆ ಬಂದು ನೋಡಿದರೆ ಮಗಳು ಹಾಗೇ ಕುಳಿತಿದ್ದಳು, ಬೆರಳು ತೆಗೆದಿರಲಿಲ್ಲ. ಇಂಥ ಜಾಣ ಕೂಸು ಯಾರಿಗಿದೆ ಎಂದು ಮುದ್ದಿಟ್ಟೆ.

ಇಪ್ಪತ್ತು ದಿನ ಕಳೆದಿರಬೇಕು, ಮೊದಲು ಜ್ವರ ಬಂತು, ಆಮೇಲೆ ಮೈತುಂಬ ಕೆಂಪಗೆ ಎದ್ದಿತು. "ತಾಯಿ ಬಂದಾಳ," ಎಂದರು ಅತ್ತೆ, ದೇವಿಗೆ ಕೈ ಮುಗಿದು. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದೆವು, ಒಗ್ಗರಣೆ ನಿಲ್ಲಿಸಿದೆವು. ಇಳಿಯುತ್ತದೆ, ಇಳಿಯುತ್ತದೆ ಎಂದು ನಾಲ್ಕು ದಿನ ಕಾದೆವು. ಐದನೆಯ ದಿನ ಮಗು ಕಣ್ಣು ಮೇಲೆ ಮಾಡಿತು. ಗಂಡ ಸಿಮೆಂಟ್ ಕಾರ್ಖಾನೆಯಿಂದ ಪಾಳಿ ಬಿಟ್ಟು ಓಡಿಬಂದರು. ಕಲಬುರಗಿಗೆ ಒಯ್ದೆವು. ಸೋಂಕು ಮಿದುಳಿಗೆ ಏರಿದೆ ಎಂದರು ಡಾಕ್ಟರು. ಹನ್ನೊಂದು ದಿನ ಅಲ್ಲೇ ಇದ್ದೆವು. ಜೀವ ಉಳಿಯಿತು. ಬದುಕಿದೆಯಾ ಬಡಜೀವವೇ ಎಂದು ಮನೆಗೆ ಬಂದೆವು.

ನಮ್ಮ ಮನೆ ವಾಡಿಯಲ್ಲಿ ರೈಲು ಹಳಿಯ ಮಗ್ಗುಲಿಗಿದೆ. ಗಾಡಿ ಬಂದರೆ ಕಿಟಕಿಯತ್ತ ತಿರುಗಿ ಕೈ ಬೀಸುವುದು ಮಗಳಿಗೆ ಮೊದಲಿನಿಂದ ರೂಢಿ. ಆಸ್ಪತ್ರೆಯಿಂದ ಬಂದು ಮತ್ತೆ ನಡೆಯತೊಡಗಿದಾಗಲೂ ತಿರುಗಿದಳು, ಕೈ ಬೀಸಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹೆಸರು ಹಿಡಿದು ಕರೆದರೆ ಮಾತ್ರ ನೋಡುತ್ತಿರಲಿಲ್ಲ. "ದವಾಖಾನ್ಯಾಗ ಭಾಳ ಚುಚ್ಯಾರ, ನಿನ್ನ ಮ್ಯಾಲ ಸಿಟ್ಟಾಗ್ಯಾದ," ಎಂದರು ಅತ್ತೆ. ನಾನೂ ಹಾಗೇ ನಂಬಿದೆ. ರೈಲು ಕೇಳಿಸುವ ಕಿವಿಗೆ ತಾಯಿ ಕೇಳಿಸದೇ ಇರುತ್ತಾಳೆಯೇ? ಹೀಗೆ ಎರಡು ತಿಂಗಳು ಹೋಯಿತು.

ಒಂದು ಮಧ್ಯಾಹ್ನ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದೆ. ಅವಳ ಬೆನ್ನು ಕಿಟಕಿಗಿತ್ತು. ಗೂಡ್ಸ್ ಗಾಡಿ ಕಿವಿ ಗಡಚಿಕ್ಕುವಂತೆ ಸೀಟಿ ಹೊಡೆಯಿತು. ಮಗಳು ನನ್ನ ತಾಳಿಯ ಜೊತೆ ಆಡುತ್ತಲೇ ಇದ್ದಳು. ಅವಳನ್ನು ಕೆಳಗಿಳಿಸಿದೆ. ನಮ್ಮದು ಶಹಾಬಾದ್ ಕಲ್ಲಿನ ಫರಸಿಯ ನೆಲ, ಗಾಡಿ ಹಾಯುವಾಗ ಸಣ್ಣಗೆ ನಡುಗುತ್ತದೆ. ಬರಿಗಾಲು ಫರಸಿಗೆ ತಾಗಿದ್ದೇ ತಡ, ಅವಳು ಕಿಟಕಿಯತ್ತ ತಿರುಗಿ ಕೈ ಬೀಸಿದಳು. ಎತ್ತಿದೆ, ಕೈ ನಿಂತಿತು. ಇಳಿಸಿದೆ, ಬೀಸಿದಳು. ಗಾಡಿ ಬಲು ಉದ್ದವಿತ್ತು. ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಇದೂ ಒಂದು ಆಟವೆಂದು ಅವಳು ಕಿಲಕಿಲ ನಗುತ್ತಿದ್ದಳು. ಅವಳಿಗೆ ರೈಲು ಕೇಳಿಸುತ್ತಿರಲಿಲ್ಲ, ಕಾಲಿಗೆ ತಿಳಿಯುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕುಸಿದು ಗೊಳೋ ಎಂದು ಅಳತೊಡಗಿದೆ.

ಕಿವಿಯ ಡಾಕ್ಟರು ತಪಾಸಣೆ ಮಾಡಿ, ಎರಡೂ ಕಿವಿ ಹೋಗಿವೆ ಎಂದರು. "ದಡಾರದ ಸೂಜಿ ಹಾಕ್ಸಿದ್ರೇನು?" ಎಂದು ಕೇಳಿದರು. "ಹಾಕ್ಸೀವ್ರಿ," ಎಂದರು ಗಂಡ. ಅವರು ಹಾಗೆಂದೇ ನಂಬಿದ್ದರು. ಆಮೇಲೆ ನನ್ನ ಮುಖ ನೋಡಿದರು. ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಕಿವಿಗೆ ಮಶೀನು ಹಾಕಿಸಿದೆವು, ಹೆಚ್ಚೇನೂ ಉಪಯೋಗವಾಗಲಿಲ್ಲ. ಕಲಿತಿದ್ದ ನಾಲ್ಕು ಮಾತು ಒಂದೊಂದಾಗಿ ಅವಳನ್ನು ಬಿಟ್ಟುಹೋದವು. ಮೊದಲು "ಬಾ" ಹೋಯಿತು, ಆಮೇಲೆ ಅಜ್ಜಿಯನ್ನು ಕರೆಯುತ್ತಿದ್ದ "ಆಯಿ". "ಅವ್ವ" ಎಂದು ಕೊನೆಯ ಸಲ ಯಾವಾಗ ಕರೆದಳೋ ನನಗೆ ಗೊತ್ತಿಲ್ಲ. ಅದೇ ಕೊನೆಯದು ಎಂದು ಗೊತ್ತಿದ್ದರೆ ನೆನಪಿಟ್ಟುಕೊಳ್ಳುತ್ತಿದ್ದೆ.

ಮಗಳಿಗೆ ಈಗ ನಾಲ್ಕು ವರ್ಷ. ಕಳೆದ ತಿಂಗಳು ಆಶಾ ಅಕ್ಕ ಬಂದಾಗ, ಇಷ್ಟು ದಿನ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ.

"ಅಕ್ಕಾ, ಆವತ್ತ ಕೂಸು ಮನ್ಯಾಗೇ ಇತ್ತು. ನಾ ಸುಳ್ಳ ಹೇಳ್ದೆ."

ಅವಳು ನನ್ನ ಕೈ ಹಿಡಿದಳು. "ನನಗ ಗೊತ್ತಿತ್ತು ತಂಗಿ. ಹೊಸ್ತಿಲದಾಗ ಅದರ ಸಣ್ಣ ಚಪ್ಲಿ ಇದ್ವು. ಕೇಳಿದ್ರ ನಿನಗ ಅವಮಾನ ಆಗ್ತದಂತ ಸುಮ್ನ ಹೋದೆ. ಕೇಳ್ಬೇಕಿತ್ತು. ದಿನಾ ಅದೇ ನೆನಸ್ಲಿಕತ್ತೀನಿ."

ಇಬ್ಬರೂ ಅಳುತ್ತ ಕುಳಿತೆವು. ಮಗಳು ಬಂದು ನಮ್ಮಿಬ್ಬರ ಮುಖವನ್ನೂ ನೋಡಿದಳು. ನನ್ನ ಕೆನ್ನೆ ಒರೆಸಿದಳು. ಆಮೇಲೆ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು, ತುಟಿಯ ಮೇಲೆ ಬೆರಳಿಟ್ಟು "ಶ್" ಎಂದಳು. ನಾನು ಕಲಿಸಿದ್ದರಲ್ಲಿ ಅವಳಿಗೆ ಉಳಿದಿರುವುದು ಅದೊಂದೇ.